ನನ್ನ ನಿದ್ದೆಗೊಬ್ಬ ಸಾಕ್ಷಿ

ಗೊರಕೆ ಹೊಡೆಯುತ್ತೇನೆ ಎಂದು ತಾನಾಗಿ ಒಪ್ಪಿಕೊಂಡ ಗಂಡಸನ್ನು ನಾನು ಇಂದಿನವರೆಗೆ ಕಂಡಿಲ್ಲ. ಕುರಿ ಕದ್ದವನು ಕದ್ದೆ ಎಂದದ್ದುಂಟು, ಬದು ಒತ್ತಿದವನು ಒತ್ತಿದೆ ಎಂದದ್ದುಂಟು. ಕೋರ್ಟಿನಲ್ಲಿ ಕೂತು ಅಂಥವರನ್ನು ಬೇಕಾದಷ್ಟು ನೋಡಿದ್ದೇನೆ. ಗೊರಕೆಯ ಮಾತು ಬಂದರೆ ಮಾತ್ರ ಎಂಥ ಸತ್ಯವಂತನೂ ಪಕ್ಕದವನ ಕಡೆಗೆ ಬೆರಳು ತೋರಿಸುತ್ತಾನೆ. ನಾನೂ ತೋರಿಸುತ್ತಿದ್ದೆ. ತಪ್ಪೇನು ಹೇಳಿ? ಬೆನ್ನಿನ ಮೇಲಿನ ಮಚ್ಚೆಯನ್ನು ಎರಡು ಕನ್ನಡಿ ಹಿಡಿದಾದರೂ ನೋಡಿಕೊಳ್ಳಬಹುದು, ಸ್ವಂತ ನಿದ್ದೆಯನ್ನು ನೋಡಿಕೊಳ್ಳಲು ಯಾವ ಕನ್ನಡಿಯೂ ಇಲ್ಲ. ನಮ್ಮ ನಿದ್ದೆ ನಡೆಯುವ ಹೊತ್ತಿಗೆ ನಾವೇ ಗೈರುಹಾಜರು. ಹಾಗಿರುವಾಗ ಬೆಳಿಗ್ಗೆ ಎದ್ದು, ಇನ್ನೊಬ್ಬರು ಹೇಳಿದ್ದಕ್ಕೆಲ್ಲ ಹೌದೆಂದು ತಲೆಯಾಡಿಸಲು ನನಗೇನು ಹುಚ್ಚೇ? ಪೇಶಕಾರನಾಗಿ ಇಪ್ಪತ್ತು ವರ್ಷ ಸವೆಸಿದವನು ನಾನು. ಮುನಸೀಫ್ ಕೋರ್ಟಿನಲ್ಲಿ ಸಾಹೇಬರ ಕೆಳಗೆ ಕೂತು ಕಡತ ಎತ್ತಿಕೊಡುವ, ಸಾಕ್ಷಿಗೆ ಪ್ರಮಾಣ ಹೇಳಿಕೊಡುವ ಗುಮಾಸ್ತನಿಗೆ ನಮ್ಮ ಕಡೆ ನಿಜಾಮರ ಕಾಲದಿಂದ ಉಳಿದುಕೊಂಡ ಹೆಸರು ಅದು. ಪುರಾವೆಯಿಲ್ಲದ ಮಾತನ್ನು ನಂಬುವುದು ನಮ್ಮ ಜಾಯಮಾನದಲ್ಲಿಲ್ಲ.

ಆದರೂ ಪುರಾವೆ ತಾನಾಗಿ ಬಂದು ನನ್ನ ಸುತ್ತ ಸೇರುತ್ತಿತ್ತು. ಎಪ್ಪತ್ತರ ದಶಕದಲ್ಲಿ ಮಾನ್ವಿಯಲ್ಲಿದ್ದಾಗ ನಾಲ್ವರು ನೌಕರರು ಕೂಡಿ ಒಂದು ಮನೆ ಹಿಡಿದಿದ್ದೆವು. ಮೂರು ತಿಂಗಳು ಕಳೆಯುವುದರೊಳಗೆ ಒಬ್ಬನಿಗೆ ಊರಿನಲ್ಲಿ ತಾಯಿಗೆ ಹುಷಾರಿಲ್ಲದಂತಾಯಿತು, ಇನ್ನೊಬ್ಬನಿಗೆ ಅಲ್ಲಿಯ ನೀರು ಒಗ್ಗಲಿಲ್ಲ, ಮೂರನೆಯವನಂತೂ ಮದುವೆಯನ್ನೇ ಮಾಡಿಕೊಂಡು ಬೇರೆ ಮನೆ ಹೂಡಿದ. ಮದುವೆ ಮನೆಗಳಲ್ಲಿ ನಾನು ಜಮಖಾನದ ಯಾವ ಮೂಲೆಯಲ್ಲಿ ಚಾದರ ಹಾಸುತ್ತೇನೆಂದು ನೋಡಿಕೊಂಡು ನೆಂಟರು ತಮ್ಮ ಹಾಸಿಗೆಯ ಸುರುಳಿ ಎತ್ತಿಕೊಂಡು ಎದುರಿನ ಮೂಲೆಗೆ ಹೋಗುತ್ತಿದ್ದರು. ಯಾರೂ ಕೆಟ್ಟ ಮಾತಾಡಿದವರಲ್ಲ. ಆ ಕಡೆ ಗಾಳಿ ಚೆನ್ನಾಗಿ ಬರುತ್ತದೆ ಎನ್ನುತ್ತಿದ್ದರು, ಅಷ್ಟೆ. ಬೇಸಿಗೆಯಲ್ಲಿ ರಾಯಚೂರಿನ ಜನವೆಲ್ಲ ಮಾಳಿಗೆಯ ಮೇಲೆ ಮಲಗುತ್ತಾರೆ. ನಾನು ಮೆಟ್ಟಿಲೇರಿದರೆ ಅಕ್ಕಪಕ್ಕದ ಮಾಳಿಗೆಗಳಲ್ಲಿ ಹಾಸಿಗೆ ಸುತ್ತುವ ಸದ್ದು ಕೇಳುತ್ತಿತ್ತು. ಹೀಗೆ ನಾನು ಎಲ್ಲಿ ಮಲಗಿದರೂ ನನ್ನ ಸುತ್ತ ಒಂದಿಷ್ಟು ಜಾಗ ಖಾಲಿ ಇರುತ್ತಿತ್ತು. ಮೊದಮೊದಲು ಅದನ್ನು ಸರ್ಕಾರಿ ನೌಕರನಿಗೆ ಕೊಡುವ ಮರ್ಯಾದೆ ಎಂದುಕೊಂಡಿದ್ದೆ.

ಆಮೇಲೆ ದೇವದುರ್ಗಕ್ಕೆ ವರ್ಗವಾಯಿತು. ಹೆಂಡತಿ ಪದ್ಮಾ ರಾಯಚೂರಿನಲ್ಲಿ ಪ್ರಾಥಮಿಕ ಶಾಲೆಯ ಟೀಚರು, ಒಂದನೇ ತರಗತಿಗೆ ಅಕ್ಷರ, ಲೆಕ್ಕ ಕಲಿಸುವವಳು. ಅವಳ ನೌಕರಿ ಅಲ್ಲಿ, ನನ್ನದು ಇಲ್ಲಿ. ನಮಗೆ ಮಕ್ಕಳಿಲ್ಲ, ಹಾಗಾಗಿ ಆ ಮನೆಯಲ್ಲಿ ಗದ್ದಲವೆಂದರೆ ನಾನು ಹೋದಾಗ ಆಗುವುದೊಂದೇ. ಶನಿವಾರ ಸಂಜೆಯ ಬಸ್ಸಿಗೆ ಹೋಗಿ ಸೋಮವಾರ ಬೆಳಗಿನ ಬಸ್ಸಿಗೆ ವಾಪಸು ಬರುತ್ತಿದ್ದೆ. ಬಸ್ಸಿನಲ್ಲಿ ಕೂತರೆ ಸಾಕು, ನಿದ್ದೆ. ದೇವದುರ್ಗದಲ್ಲಿ ಇಳಿಯಬೇಕಾದವನು ಎಷ್ಟೋ ಸಲ ಜಾಲಹಳ್ಳಿಯಲ್ಲಿ ಕಣ್ಣು ಬಿಟ್ಟಿದ್ದೇನೆ. ಅಂಥ ಒಂದು ಶನಿವಾರ ಮನೆಗೆ ಹೋಗಿ ನೋಡುತ್ತೇನೆ, ನನ್ನ ಹಾಸಿಗೆ ಒಳಕೋಣೆಯಲ್ಲಿಲ್ಲ, ಪಡಸಾಲೆಯಲ್ಲಿದೆ. ಒಗೆದ ಚಾದರ, ಒಗೆದ ದಿಂಬಿನ ಚೀಲ, ಎಲ್ಲ ಅಚ್ಚುಕಟ್ಟು. ಅವಳು ಏನೂ ಹೇಳಲಿಲ್ಲ, ನಾನೂ ಕೇಳಲಿಲ್ಲ. ಕೇಳಿದರೆ ಗೊರಕೆಯ ಮಾತು ಬರುತ್ತದೆ, ಬಂದರೆ ಒಪ್ಪಿಕೊಳ್ಳಬೇಕಾಗುತ್ತದೆ. ಹೊರಗಿನವರು ದೂರ ಹೋಗಿ ಮಲಗಿದರೆ ಗಾಳಿಯ ನೆಪವನ್ನಾದರೂ ಹೇಳುತ್ತಾರೆ, ಕಟ್ಟಿಕೊಂಡವಳು ಒಂದು ನೆಪವನ್ನೂ ಹೇಳಲಿಲ್ಲವಲ್ಲ ಎಂದು ನನಗೆ ಬಹಳ ನೋವಾಯಿತು. ಆ ನೋವನ್ನು ನುಂಗಿಕೊಂಡು ಐದು ವರ್ಷ ಕಳೆದೆ. ವಾರದಲ್ಲಿ ಐದು ರಾತ್ರಿ ದೇವದುರ್ಗದ ಖೋಲಿಯಲ್ಲಿ ಒಬ್ಬನೇ, ಎರಡು ರಾತ್ರಿ ಸ್ವಂತ ಮನೆಯಲ್ಲಿ ಒಬ್ಬನೇ. ಬಸ್ಸಿನ ಖರ್ಚು ದಂಡ ಎಂದು ಎಷ್ಟೋ ಸಲ ಅನ್ನಿಸಿದ್ದುಂಟು.

ಇಷ್ಟೆಲ್ಲ ನಿದ್ದೆ ಮಾಡುವವನು ಹಗಲಿನಲ್ಲಿ ಚುರುಕಾಗಿರಬೇಕಲ್ಲವೇ? ಅದೇ ನನಗೂ ತಿಳಿಯದ ಸಂಗತಿ. ಒಂಬತ್ತು ತಾಸು ಮಲಗಿ ಎದ್ದರೂ ರಾತ್ರಿಯಿಡೀ ಗಂಜ್ ಮಾರುಕಟ್ಟೆಯಲ್ಲಿ ಹತ್ತಿ ಮೂಟೆ ಹೊತ್ತವನ ಹಾಗೆ ಮೈಕೈ ಬಿದ್ದುಹೋಗಿರುತ್ತಿತ್ತು. ಬಾಯಿ ಒಣಗಿ, ತಲೆ ಭಾರವಾಗಿ, ಹಲ್ಲುಜ್ಜುತ್ತಿರುವಾಗಲೇ ಮತ್ತೆ ಯಾವಾಗ ಮಲಗೇನು ಎನ್ನಿಸುತ್ತಿತ್ತು. ಊಟ ಮಾಡುತ್ತ ಕೈಯಲ್ಲಿ ತುತ್ತು ಹಿಡಿದುಕೊಂಡೇ ತೂಕಡಿಸಿದ್ದೇನೆ. ಕೋರ್ಟಿನಲ್ಲಿ ಕಡತದ ಮರೆಯಲ್ಲಿ ಹೇಗೋ ಸಂಭಾಳಿಸಿಕೊಂಡು ಬಂದಿದ್ದೆ. ಕೊನೆಗೆ ಒಂದು ದಿನ ಅರಕೇರಾದ ಮುದುಕಿಯೊಬ್ಬಳು ಸಾಕ್ಷಿ ಹೇಳಲು ಬಂದಳು. ಪೇಶಕಾರರು ಏನು ಹೇಳುತ್ತಾರೋ ಅದನ್ನೇ ಹೇಳಬೇಕು, ಒಂದಕ್ಷರ ಹೆಚ್ಚುಕಡಿಮೆ ಆಗಬಾರದು ಎಂದು ವಕೀಲರು ಅವಳಿಗೆ ನಾಲ್ಕು ಸಲ ತಾಕೀತು ಮಾಡಿದ್ದರು. ನಾನು ದೇವರ ಮೇಲೆ ಆಣೆ ಎಂದೆ, ಅವಳೂ ಅಂದಳು. ಸತ್ಯವನ್ನೇ ಹೇಳುತ್ತೇನೆ ಎಂದೆ, ಅದನ್ನೂ ಅಂದಳು. ಆಮೇಲೆ ನಾನೇನು ಅಂದೆನೋ ನನಗೆ ಗೊತ್ತಿಲ್ಲ. ಕೋರ್ಟೆಲ್ಲ ಬಿದ್ದು ಬಿದ್ದು ನಗುವ ಸದ್ದಿಗೆ ಎಚ್ಚರವಾಯಿತು. ಮುದುಕಿ ಕೈ ಮುಗಿದು, ಕಣ್ಣು ಮುಚ್ಚಿ, ನನ್ನ ಗೊರಕೆಯನ್ನು ಏರಿಳಿತದ ಸಮೇತ ನನ್ನ ಹಿಂದೆಯೇ ಹೇಳಿದ್ದಳಂತೆ. ನಿಜ ಹೇಳಬೇಕೆಂದರೆ ಆ ವರ್ಷ ನಮ್ಮ ಕೋರ್ಟಿನಲ್ಲಿ ಅಷ್ಟು ಶ್ರದ್ಧೆಯಿಂದ ಪ್ರಮಾಣ ಮಾಡಿದವರು ಇನ್ನೊಬ್ಬರಿಲ್ಲ.

ಸಾಹೇಬರು ಮೈಸೂರು ಕಡೆಯವರು, ಸಿಟ್ಟು ಬಂದರೂ ದನಿ ಏರಿಸುವವರಲ್ಲ. ಚೇಂಬರಿಗೆ ಕರೆದು ಕೂರಿಸಿದರು. ನೀವು ಹಗಲಲ್ಲೇ ಕುಡಿದು ಬರುತ್ತೀರಿ ಎಂದು ವಕೀಲರು ಆಡಿಕೊಳ್ಳುತ್ತಿದ್ದಾರೆ, ನಾನು ನಂಬುವುದಿಲ್ಲ, ಆದರೆ ನಂಬದಿರಲು ನನಗೂ ಒಂದು ಕಾಗದ ಬೇಕು ಎಂದರು. "ಕಾಯಿಲೆ ಅಂತಾದರೆ ಹದಿನೈದು ದಿನದಲ್ಲಿ ಡಾಕ್ಟರ ಸರ್ಟಿಫಿಕೇಟು ತನ್ನಿ. ಇಲ್ಲದೇ ಹೋದರೆ ನಾನು ಮೇಲಕ್ಕೆ ಬರೆಯಲೇಬೇಕಾಗುತ್ತೆ." ಮೇಲಕ್ಕೆ ಬರೆದರೆ ಏನಾಗುತ್ತದೆಂದು ನನಗೆ ಬೇರೆ ಯಾರೂ ಹೇಳಬೇಕಿರಲಿಲ್ಲ. ಇನ್ನೊಬ್ಬರ ಅಂಥ ಕಾಗದಗಳನ್ನು ನಾನೇ ಲಕೋಟೆಗೆ ಹಾಕಿ ಕಳಿಸಿದ್ದೆ. ಇಪ್ಪತ್ತು ವರ್ಷದ ನೌಕರಿ ಒಂದು ಗೊರಕೆಗೆ ಹೋಗುತ್ತದೆಂದರೆ ನಗುವುದೋ ಅಳುವುದೋ?

ರಾಯಚೂರಿನಲ್ಲಿ ಕಿವಿ, ಮೂಗು, ಗಂಟಲು ನೋಡುವ ಒಬ್ಬ ಡಾಕ್ಟರಿದ್ದರು. ಹೊಸ ಪುಸ್ತಕ ತರಿಸಿ ಓದುವ ಹವ್ಯಾಸದವರು. ಗಂಟಲೊಳಗೆ ಬ್ಯಾಟರಿಯ ಬೆಳಕು ಬಿಟ್ಟು ನೋಡಿ, ಕೊರಳಿನ ಸುತ್ತಳತೆ ತೆಗೆದುಕೊಂಡು, ಹಗಲು ನಿದ್ದೆಯ ಕಥೆಯನ್ನೆಲ್ಲ ಕೇಳಿದ ಮೇಲೆ ಅವರ ಮುಖದಲ್ಲಿ ಅಪರೂಪದ ನಾಣ್ಯ ಸಿಕ್ಕವನ ಸಂತೋಷ ಕಾಣಿಸಿತು. ಕೆಲವರಿಗೆ ನಿದ್ದೆಯಲ್ಲಿ ಗಂಟಲಿನ ಮಾಂಸ ಸಡಿಲಾಗಿ ಉಸಿರಿನ ದಾರಿಯೇ ಮುಚ್ಚಿಕೊಳ್ಳುತ್ತದಂತೆ. ಉಸಿರು ನಿಲ್ಲುತ್ತದೆ, ಮೆದುಳು ಗಾಬರಿಯಾಗಿ ಅರ್ಧ ಎಬ್ಬಿಸುತ್ತದೆ, ಉಸಿರು ಬರುತ್ತದೆ, ಮತ್ತೆ ನಿಲ್ಲುತ್ತದೆ. ರಾತ್ರಿಯಿಡೀ ಇದೇ ನಡೆಯುವುದರಿಂದ, ಮಲಗಿದಂತೆ ಕಂಡರೂ ಮನುಷ್ಯ ನಿದ್ದೆಯನ್ನೇ ಮಾಡಿರುವುದಿಲ್ಲ. ಹೃದಯಕ್ಕೂ ಇದು ಒಳ್ಳೆಯದಲ್ಲ, ಬಿಟ್ಟರೆ ಒಂದು ದಿನ ಏಳುವುದೇ ಇಲ್ಲ ಎಂದರು. ಪರದೇಶದಲ್ಲಿ ರಾತ್ರಿಯೆಲ್ಲ ಯಂತ್ರ ಹಚ್ಚಿ ನೋಡುತ್ತಾರಂತೆ. ನಮ್ಮಲ್ಲಿ ಅದೆಲ್ಲಿ ಬರಬೇಕು? "ನಿಮ್ಮ ಉಸುರು ನಿಲ್ತದೋ ಇಲ್ಲೋ ನೀವು ಹೇಳಾಕ ಆಗಂಗಿಲ್ರಿ. ಮಲಗಿದ್ದಾಗ ನೋಡಿದವ್ರನ್ನ ಕರಕೊಂಡು ಬರ್ರಿ. ಅವರ ಮಾತು ಕೇಳಿ ಸರ್ಟಿಫಿಕೇಟ್ ಬರೀತೀನಿ" ಎಂದರು.

ದಿನಕ್ಕೆ ಹತ್ತು ಸಾಕ್ಷಿಗಳನ್ನು ಕಟಕಟೆ ಹತ್ತಿಸಿ ಇಳಿಸುವ ನನಗೆ ಒಬ್ಬ ಸಾಕ್ಷಿ ಹುಡುಕುವುದು ಎಷ್ಟರ ಮಾತು ಎಂದುಕೊಂಡು ಎದ್ದುಬಂದೆ. ಬಸ್ಸಿನಲ್ಲಿ ಕೂತು ಬೆರಳು ಮಡಿಸತೊಡಗಿದರೆ ಒಂದು ಬೆರಳೂ ಮಡಿಸಲಾಗಲಿಲ್ಲ. ನನ್ನ ಖೋಲಿಯ ಮಾಲೀಕ ಕಿವುಡ. ಕಿವುಡನಾದ್ದರಿಂದಲೇ ನನಗೆ ಆ ಖೋಲಿ ಸಿಕ್ಕಿದ್ದು. ಮಾನ್ವಿಯ ಆ ಮೂವರು ಎಲ್ಲೆಲ್ಲೋ ಹೋಗಿದ್ದರು. ನಮ್ಮ ಕೋರ್ಟಿನ ಸಮನ್ಸು ಹಂಚುವ ಬೇಲೀಫನನ್ನು ಊಟಕ್ಕೆ ಕರೆದು, ರಾತ್ರಿ ಇಲ್ಲೇ ಮಲಗು ಎಂದು ಒತ್ತಾಯ ಮಾಡಿದೆ. ಹೊರಗೆ ಹೋಗಿ ಬರುತ್ತೇನೆ ಎಂದು ಹೋದವನು ಮರುದಿನ ಕೋರ್ಟಿನಲ್ಲೇ ಸಿಕ್ಕಿದ. ಐವತ್ತು ವರ್ಷ ಬದುಕಿ, ನಾನು ಮಲಗಿದ್ದನ್ನು ನೋಡಿದ ಒಬ್ಬ ಮನುಷ್ಯನನ್ನು ತೋರಿಸಲಾರದವನಾಗಿದ್ದೆ. ರಾತ್ರಿ ನನ್ನ ಉಸಿರು ನಿಂತರೆ ಬೆಳಿಗ್ಗೆ ಮೊದಲು ಗೊತ್ತಾಗುವುದು ಕೋರ್ಟಿನ ಹಾಜರಿ ಪುಸ್ತಕಕ್ಕೆ. ಇದನ್ನು ಯೋಚಿಸಿ ನನಗೆ ಮೊದಲ ಸಲ ಹೆದರಿಕೆಯಾಯಿತು. ಹೆಂಡತಿಯನ್ನು ಕೇಳಬಹುದಾಗಿತ್ತು ನಿಜ. ಆದರೆ ನನ್ನನ್ನು ಪಡಸಾಲೆಗೆ ಹಾಕಿದವಳ ಮುಂದೆ ನಿಂತು ನನ್ನ ನಿದ್ದೆ ಹೇಗಿರುತ್ತದೆ ಎಂದು ಕೇಳಲು ಸ್ವಾಭಿಮಾನ ಬಿಡಲಿಲ್ಲ. ಅಲ್ಲದೆ ಬೇರೆ ಕೋಣೆಯಲ್ಲಿ ಮಲಗುವವಳಿಗೆ ಏನು ಗೊತ್ತಿರುತ್ತದೆ ಎಂದುಕೊಂಡೆ.

ಆಗ ಕೋರ್ಟಿನವರು ಮಾತ್ರ ಮಾಡಬಹುದಾದ ತಪ್ಪೊಂದನ್ನು ನಾನು ಮಾಡಿದೆ. ನಮ್ಮ ಕೋರ್ಟಿನ ಅಂಗಳದ ಬೇವಿನ ಮರದ ಕೆಳಗೆ ಸಾಬಣ್ಣ ಎಂಬ ಹಿರಿಯನೊಬ್ಬ ದಿನಾ ಬಂದು ಕೂಡುತ್ತಿದ್ದ. ಬಿಳೀ ಧೋತ್ರ, ರುಮಾಲು, ಕೈಯಲ್ಲೊಂದು ಕೊಡೆ, ನೋಡಿದರೆ ಕೈ ಮುಗಿಯಬೇಕು ಅನ್ನಿಸುವ ಮುಖ. ಯಾರ ಕಡೆಯ ಸಾಕ್ಷಿ ಕೈಕೊಟ್ಟರೂ ಆ ಜಾಗಕ್ಕೆ ಸಾಬಣ್ಣ. ತಾಲ್ಲೂಕಿನಲ್ಲಿ ಅವನು ಕಣ್ಣಾರೆ ನೋಡದ ಹೊಡೆದಾಟವಿಲ್ಲ, ಅವನ ಎದುರಿಗೆ ಆಗದ ದತ್ತಕವಿಲ್ಲ. ಚಹಾ, ಊಟ, ಬಸ್ಸಿನ ಟಿಕೀಟು ಇಷ್ಟಾದರೆ ಅವನಿಗೆ ಸಾಕು. ವಿಷಯ ಹೇಳಿದೆ. ಅವನು ಒಂದು ಗಳಿಗೆ ಯೋಚಿಸಿ, ಇಂಥ ಕೇಸು ಮೊದಲ ಸಲ ಬಂದಿದೆ, ಆದರೂ ಪೇಶಕಾರರ ಮಾತು ತೆಗೆದುಹಾಕುವುದುಂಟೇ ಎಂದು ಕೊಡೆ ಎತ್ತಿಕೊಂಡ. ಭಾನುವಾರವೂ ಬೆಳಗಿನ ಹೊತ್ತು ಡಾಕ್ಟರು ಇರುತ್ತಿದ್ದರು. ಆ ಶನಿವಾರ ಮನೆಗೆ ಹೋಗದೆ, ಭಾನುವಾರ ಬೆಳಿಗ್ಗೆ ಅವನನ್ನು ಕರೆದುಕೊಂಡು ನೇರವಾಗಿ ದವಾಖಾನೆಗೆ ಹೋದೆ. ದಾರಿಯುದ್ದಕ್ಕೂ ಹೇಳಿಕೊಡುತ್ತ ಹೋದೆ. ಉಸಿರು ನಿಲ್ಲುವುದನ್ನು ನೋಡಿದ್ದೇನೆ ಅನ್ನು, ಬಹಳ ಹೊತ್ತು ನಿಲ್ಲುತ್ತದೆ ಅನ್ನು, ಅಷ್ಟೇ ಸಾಕು ಎಂದೆ. ಅವನು ತಲೆಯಾಡಿಸಿದ. ಆದರೆ ಬಹಳ ಹೊತ್ತು ಎಂಬಂಥ ಮಸುಕು ಮಾತಿನಿಂದ ಕೇಸು ಬಿದ್ದುಹೋಗುತ್ತದೆ ಎಂಬುದು ಅವನ ಇಷ್ಟು ವರ್ಷದ ಅನುಭವ. ಅದನ್ನು ನಾನು ಮರೆತಿದ್ದೆ.

ಡಾಕ್ಟರು ಕೇಳಿದರು. ಇವರ ಜೊತೆ ಮಲಗಿದ್ದೀಯಾ? ಮಲಗಿದ್ದೇನೆ. ಉಸಿರು ನಿಂತದ್ದನ್ನು ನೋಡಿದ್ದೀಯಾ? ಕಣ್ಣಾರೆ ನೋಡಿದ್ದೇನೆ. ಎಷ್ಟು ಹೊತ್ತು? ಸಾಬಣ್ಣ ಗಂಟಲು ಸರಿಮಾಡಿಕೊಂಡು, "ಅರ್ಧ ತಾಸು ರೀ" ಎಂದ. ಡಾಕ್ಟರು ಪೆನ್ನು ಕೆಳಗಿಟ್ಟರು. ಅರ್ಧ ತಾಸು ಉಸಿರು ನಿಂತರೆ ಮನುಷ್ಯ ಏನಾಗುತ್ತಾನೆ ಎಂದು ಕೇಳಿದರು. ಸಾಯುತ್ತಾನೆ ಎಂದು ಸಾಬಣ್ಣ ಅನುಮಾನವಿಲ್ಲದೆ ಒಪ್ಪಿಕೊಂಡ. ಹಾಗಾದರೆ ಇವರು? ಸಾಬಣ್ಣ ನನ್ನನ್ನು ಮೇಲಿಂದ ಕೆಳಗಿನವರೆಗೆ ನೋಡಿದ. "ಇವರು ಮರದಿನ ಡ್ಯೂಟಿಗೆ ಹಾಜರ್ ಆಗಿದ್ರರಿ" ಎಂದ. ಡಾಕ್ಟರು ನಕ್ಕು ನಕ್ಕು ಕಣ್ಣೊರೆಸಿಕೊಂಡರು. ಆಮೇಲೆ ನನ್ನ ಕಡೆ ತಿರುಗಿ, ನಗು ಬಿಟ್ಟು, ಮನೆಯಲ್ಲಿ ನಿಮಗೆ ಯಾರೂ ಇಲ್ಲವೇ ಎಂದು ಕೇಳಿದರು. ಆ ಪ್ರಶ್ನೆ ಎಲ್ಲಿ ನಾಟಬೇಕೋ ಅಲ್ಲಿ ನಾಟಿತು. ನಾನು ಸಾಬಣ್ಣನ ಕೊಡೆಯನ್ನು ಅವನ ಕೈಗೆ ಕೊಟ್ಟು ಹೊರಗೆ ನಡೆದೆ.

ಊಟ ಹಾಕಿಸುತ್ತೇನೆ ಎಂದು ಮಾತು ಕೊಟ್ಟಿದ್ದರಿಂದ ಸಾಬಣ್ಣನನ್ನು ಮನೆಗೆ ಕರೆದೊಯ್ಯಬೇಕಾಯಿತು. ಕೋರ್ಟಿನ ಕೆಲಸವಿತ್ತು, ಇವರು ನಮ್ಮ ಕಕ್ಷಿದಾರರು ಎಂದು ಹೆಂಡತಿಗೆ ಏನೋ ಒಂದು ಹೇಳಿ ಕೈಕಾಲು ತೊಳೆಯಲು ಹಿತ್ತಲಿಗೆ ಹೋದೆ. ಸಾಬಣ್ಣ ಸಾಕ್ಷಿ ಹೇಳುವಾಗಲ್ಲದೆ ಜನ್ಮದಲ್ಲಿ ಸುಳ್ಳು ಹೇಳಿದವನಲ್ಲ. ನಾನು ಮುಖ ಒರೆಸಿಕೊಂಡು ಬರುವಷ್ಟರಲ್ಲಿ ಮುದುಕಿಯ ಪ್ರಮಾಣ, ಸಾಹೇಬರ ಹದಿನೈದು ದಿನ, ಡಾಕ್ಟರ ಮಾತು, ತನ್ನ ಅರ್ಧ ತಾಸು, ಎಲ್ಲವನ್ನೂ ಎರಡು ರೊಟ್ಟಿಯ ನಡುವೆ ಅವಳಿಗೆ ಹೇಳಿ ಮುಗಿಸಿದ್ದ. ಅವಳು ಅವನಿಗೆ ಇನ್ನೊಂದು ರೊಟ್ಟಿ ಬಡಿಸಿದಳು, ಮಜ್ಜಿಗೆ ಹಾಕಿದಳು, ಅವನು ಕೈ ತೊಳೆದ ಮೇಲೆ ಸೆರಗು ಸರಿಮಾಡಿಕೊಂಡು ಚಪ್ಪಲಿ ಮೆಟ್ಟಿದಳು. "ನಡೀರಿ" ಎಂದಳು. ನಾನಿನ್ನೂ ಊಟ ಮಾಡಿರಲಿಲ್ಲ, ಆದರೆ ಅದನ್ನು ಹೇಳುವ ಧೈರ್ಯವಾಗಲಿಲ್ಲ.

ಡಾಕ್ಟರು ಮನೆಗೆ ಹೊರಡುವುದರಲ್ಲಿದ್ದರು, ಅವಳ ಮುಖ ನೋಡಿ ಮತ್ತೆ ಕೂತರು. ಅವಳು ನಿಂತೇ ಹೇಳಿದಳು. ಅಂಗಾತ ಮಲಗಿದರೆ ಗೊರಕೆ ಜೋರು, ಹೊಟ್ಟೆತುಂಬ ಉಂಡ ದಿನ ಇನ್ನೂ ಜೋರು, ಇದ್ದಕ್ಕಿದ್ದಂತೆ ನಿಲ್ಲುತ್ತದೆ, ಎದೆ ಎಳೆಯುತ್ತಿರುತ್ತದೆ, ಉಸಿರು ಮಾತ್ರ ಇರುವುದಿಲ್ಲ, ಆಮೇಲೆ ಬಾವಿಯಲ್ಲಿ ಮುಳುಗಿ ಎದ್ದವರ ಹಾಗೆ ಎಳೆದುಕೊಳ್ಳುತ್ತಾರೆ. ಸಾಮಾನ್ಯವಾಗಿ ಇಪ್ಪತ್ತು, ಇಪ್ಪತ್ತೈದು ಎಣಿಸುವಷ್ಟು ಹೊತ್ತು, ಒಂದೊಂದು ಸಲ ನಲವತ್ತು. ಸರಿಯಾಗಿ ಎಣಿಸಿದ್ದೀರಾ ಎಂದು ಡಾಕ್ಟರು ಕೇಳಿದರು. "ಸಣ್ಣ ಹುಡುಗರಿಗೆ ಎಣಿಸಾಕ ಕಲಿಸೋದ ನನ್ನ ಕೆಲಸ್ರಿ, ಎಣಿಕಿ ತಪ್ಪಂಗಿಲ್ಲ" ಎಂದಳು. ಡಾಕ್ಟರು ಬರೆದುಕೊಳ್ಳತೊಡಗಿದರು. ನನಗೆ ತಡೆಯಲಾಗಲಿಲ್ಲ. ನಾನು ಮಲಗುವುದು ಪಡಸಾಲೆಯಲ್ಲಿ, ಇವಳು ಒಳಗೆ, ಇವಳಿಗೆ ಹೇಗೆ ಗೊತ್ತು ಎಂದು ಪಾಟೀಸವಾಲಿಗೆ ಇಳಿದೆ. ಅವಳು ಉತ್ತರವನ್ನು ಡಾಕ್ಟರಿಗೇ ಹೇಳಿದಳು. "ಬಾಗಿಲ ಈ ಕಡಿ ಹೊಸ್ತಿಲಕ್ಕ ತಲಿ ಮಾಡಿ ಮಲಗ್ತೀನ್ರಿ. ಗೊರಕಿ ಕೇಳಾಕತ್ತಿದ್ರ ನನಗ ನಿದ್ದಿ ಬರ್ತದ. ನಿಂತ್ರ ಬರಂಗಿಲ್ಲ."

ಮತ್ತೆ ಹಾಸಿಗೆಯನ್ನು ಹೊರಗೇಕೆ ಹಾಕಿದಿರಿ ಎಂದು ಡಾಕ್ಟರೇ ಕೇಳಿದರು. ಐದು ವರ್ಷ ನಾನು ಕೇಳಲಾರದೆ ಹೋದ ಪ್ರಶ್ನೆಯನ್ನು ಅವರು ಪೆನ್ನಿನ ಮುಚ್ಚಳ ಹಾಕುತ್ತ ಕೇಳಿಬಿಟ್ಟರು. "ಮೊದಲ ಬಾಜೂಕ ಇದ್ದಾಗ ಉಸುರು ನಿಂತ್ರ ಎಬ್ಬಿಸ್ತಿದ್ದೆರಿ. ಒಂದಿನ ಭಾಳ ಸಿಟ್ಟಿಗೆದ್ರು. ವಾರದಾಗ ಎರಡ ದಿನ ಮನಿಗೆ ಬರ್ತೀನಿ, ಅವಾಗರ ಮಲಗಾಕ ಬಿಡು ಅಂದ್ರು. ಆತು, ಮಲಕೊಳ್ಳಿ ಅಂತ ಹೊರಗ ಹಾಸಿದೆ. ಈಗ ಎಣಿಕಿ ಮೂವತ್ತು ದಾಟಿದ್ರ ತಂಬಿಗಿ ಕೆಡವತೀನಿ. ಮಗ್ಗಲಾ ಹೊಳ್ಳಿ ಮಲಗ್ತಾರ" ಎಂದಳು. ಶನಿವಾರ, ಭಾನುವಾರ ನಡುರಾತ್ರಿ ಒಳಗೆ ತಂಬಿಗೆ ಉರುಳಿದಾಗಲೆಲ್ಲ ಬೆಳಿಗ್ಗೆ ಎದ್ದು ನಾನು ಪಕ್ಕದ ಮನೆಯ ಬೆಕ್ಕನ್ನು ಬಯ್ಯುತ್ತಿದ್ದೆ. ಆ ಸಿಟ್ಟಿನ ಮಾತು ನಾನಾಡಿದ್ದೂ ನಿಜವಿರಬೇಕು. ನನಗೆ ನೆನಪೇ ಇರಲಿಲ್ಲ. ಡಾಕ್ಟರು ಪೆನ್ನಿನ ಮುಚ್ಚಳ ಮತ್ತೆ ತೆಗೆದು ಅದನ್ನೂ ಬರೆದುಕೊಂಡರು. ನನಗೆ ನಾಚಿಕೆಯಾಯಿತು.

ಸರ್ಟಿಫಿಕೇಟು ಸಿಕ್ಕಿತು, ಜೊತೆಗೆ ಉಪದೇಶವೂ. ಮೈ ಇಳಿಸಬೇಕು, ರಾತ್ರಿ ಹೊಟ್ಟೆ ಬಿರಿಯುವಂತೆ ಉಣ್ಣಬಾರದು, ನಿದ್ದೆ ಮಾತ್ರೆಯ ಹತ್ತಿರ ಸುಳಿಯಬಾರದು, ಮುಖ್ಯವಾಗಿ ಅಂಗಾತ ಮಲಗಲೇಬಾರದು. ಇಷ್ಟಕ್ಕೂ ಬಗ್ಗದಿದ್ದರೆ ಹೈದರಾಬಾದಿನ ದೊಡ್ಡ ದವಾಖಾನೆಗೆ ಹೋಗಿ ತೋರಿಸಬೇಕು. ನಿದ್ದೆಯಲ್ಲಿ ಅಂಗಾತ ಆಗುವುದು ನನ್ನ ಕೈಯಲ್ಲಿದೆಯೇ ಎಂದರೆ, ಅಂಗಿಯ ಬೆನ್ನಿಗೆ ಏನಾದರೂ ಗಟ್ಟಿ ವಸ್ತು ಹೊಲಿಸಿಕೊಳ್ಳಿ, ಒತ್ತಿದರೆ ತಾನಾಗಿ ಹೊರಳುತ್ತೀರಿ ಎಂದರು. ಪದ್ಮಾಳ ಹತ್ತಿರ ಶಾಲೆಯಲ್ಲಿ ಹುಡುಗರಿಂದ ಕಸಿದುಕೊಂಡ ಬುಗುರಿಗಳ ಒಂದು ಡಬ್ಬಿಯೇ ಇತ್ತು. ಅದರಲ್ಲಿ ಒಂದನ್ನು ಆರಿಸಿ, ಮೊಳೆ ಕಿತ್ತು, ನನ್ನ ಬನಿಯನ್ನಿನ ಬೆನ್ನಿಗೆ ಜೇಬು ಹೊಲಿದು ಅದರೊಳಗೆ ಕೂರಿಸಿದಳು. ಐವತ್ತರ ವಯಸ್ಸಿನಲ್ಲಿ ಬೆನ್ನಿಗೆ ಬುಗುರಿ ಕಟ್ಟಿಕೊಂಡು ಮಲಗುವ ಪೇಶಕಾರ ನಿಜಾಮರ ಕಾಲದಿಂದ ಈಚೆಗೆ ನಾನೊಬ್ಬನೇ ಇದ್ದೇನು. ಸಾಹೇಬರು ಸರ್ಟಿಫಿಕೇಟು ಓದಿ, ಕಡತಕ್ಕೆ ಸೇರಿಸಿ, ಆರೋಗ್ಯ ನೋಡಿಕೊಳ್ಳಿ ಎಂದಷ್ಟೇ ಹೇಳಿದರು. ನೌಕರಿ ಉಳಿಯಿತು.

ಮುಂದಿನ ಶನಿವಾರ ಮನೆಗೆ ಹೋದರೆ ನನ್ನ ಹಾಸಿಗೆ ಒಳಗೆ ಬಂದಿತ್ತು. ಈ ಸಲವೂ ಅವಳು ಏನೂ ಹೇಳಲಿಲ್ಲ. ಬುಗುರಿ ಬೆನ್ನಿಗೇರಿಸಿಕೊಂಡು ಗೋಡೆಯ ಕಡೆ ಮುಖ ಮಾಡಿ ಮಲಗಿದೆ. ಅವಳು ದಿಂಬಿಗೆ ತಲೆ ಕೊಟ್ಟದ್ದೇ ತಡ, ಐದು ವರ್ಷದ ಬಾಕಿ ನಿದ್ದೆಯೆಲ್ಲ ಒಟ್ಟಿಗೇ ಬಂದಂತೆ ಮಲಗಿಬಿಟ್ಟಳು. ಸ್ವಲ್ಪ ಹೊತ್ತಿಗೆ ಸಣ್ಣಗೆ ಗೊರಕೆ ಶುರುವಾಯಿತು. ನನಗೆ ಖುಷಿಯೋ ಖುಷಿ. ಬೆಳಿಗ್ಗೆ ಹೇಳಿ ರೇಗಿಸಬೇಕು, ಇವಳೂ ನಾನಲ್ಲ ಎನ್ನುತ್ತಾಳೋ ನೋಡಬೇಕು ಎಂದುಕೊಳ್ಳುತ್ತಿರುವಾಗ ಆ ಸದ್ದು ಥಟ್ಟನೆ ನಿಂತಿತು. ನಾನು ಎದ್ದು ಕೂತೆ. ಒಂದು, ಎರಡು, ಮೂರು. ಕತ್ತಲಲ್ಲಿ ಅವಳ ಎದೆ ಏರುತ್ತಿದೆಯೋ ಇಲ್ಲವೋ ಕಾಣಿಸಲಿಲ್ಲ. ಆರು, ಏಳು. ಕೈ ತಾನಾಗಿ ತಂಬಿಗೆಗೆ ತಡಕಾಡುತ್ತಿತ್ತು. ಒಂಬತ್ತಕ್ಕೆ ಅವಳು ಮಗ್ಗುಲು ಬದಲಿಸಿ ದೀರ್ಘವಾಗಿ ಉಸಿರುಬಿಟ್ಟಳು. ಏನೂ ಆಗಿರಲಿಲ್ಲ, ಸುಮ್ಮನೆ ಹೊರಳಿದ್ದಳು. ನನ್ನ ಮೈಯೆಲ್ಲ ಬೆವರು. ನಾನು ಕಂಡದ್ದು ಬರೀ ಒಂಬತ್ತು. ಅವಳು ನಲವತ್ತರವರೆಗೆ ಎಣಿಸಿದವಳು, ಅದೂ ನನ್ನ ಸಿಟ್ಟಿಗೆ ಹೆದರಿ ಬಾಗಿಲ ಆಚೆ ಒಬ್ಬಳೇ.

ಬೆಳಿಗ್ಗೆ ಅವಳು ನಿದ್ದೆ ಹತ್ತಿತೇ ಎಂದು ಕೇಳಿದಳು. ಚೆನ್ನಾಗಿ ಹತ್ತಿತು ಎಂದೆ. ರೇಗಿಸಬೇಕೆಂದದ್ದು ಮರೆತೇಹೋಗಿತ್ತು. ಭಾನುವಾರ ರಾತ್ರಿಯೂ ಹಾಗೇ ಆಯಿತು. ಸೋಮವಾರ ಬಸ್ಸಿನಲ್ಲಿ ಕೂತವನು ಜಾಲಹಳ್ಳಿಯವರೆಗೆ ಹೋಗಿ, ಹೊಳ್ಳಿ ಬಂದು, ತಡವಾಗಿ ಕೋರ್ಟು ಸೇರಿ, ಮಧ್ಯಾಹ್ನದ ಹೊತ್ತಿಗೆ ಕಡತದ ಮೇಲೆ ಹಣೆ ಬಡಿದುಕೊಂಡೆ. ಸಾಹೇಬರು ಕನ್ನಡಕದ ಮೇಲಿನಿಂದ ನೋಡಿದರು. ಪಾಪ ಕಾಯಿಲೆ ಮನುಷ್ಯ ಎಂದು ವಕೀಲರಿಗೆ ಕೈಸನ್ನೆ ಮಾಡಿ ದನಿ ತಗ್ಗಿಸಲು ಹೇಳಿದರು. ಅವತ್ತಿನದು ಕಾಯಿಲೆಯಲ್ಲ, ಎರಡು ರಾತ್ರಿ ಹೆಂಡತಿಯ ಉಸಿರು ಎಣಿಸುತ್ತ ಕೂತಿದ್ದೆ ಎಂದು ನಿಜ ಹೇಳಿದ್ದರೆ, ಆ ಪುಣ್ಯಾತ್ಮ ಸರ್ಟಿಫಿಕೇಟನ್ನು ನನ್ನ ಕೈಗೇ ವಾಪಸು ಕೊಡುತ್ತಿದ್ದರು.